ಕಾಕಾನ ಸಾಣಿಗೆ ದೀಪ

ನೆರಳಿಲ್ಲದ ಫೋಟೊ ಈ ಭೂಮಿಯ ಮೇಲೆ ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಈ ಮನೆಯ ಹುಡುಗಿ ಡಿಗ್ರಿ ಮುಗಿಸುವುದೂ ಆಗುವ ಮಾತಲ್ಲ ಎಂದವಳೂ ಅವಳೇ. ಎರಡು ಮಾತನ್ನೂ ಒಂದೇ ಮಧ್ಯಾಹ್ನ, ಮೊರದಲ್ಲಿ ತೊಗರಿಬೇಳೆ ಕೇರುತ್ತ ಕೇರುತ್ತಲೇ ಹೇಳಿದಳು. ಮೊದಲನೆಯದು ಕಾಕಾನಿಗೆ, ಎರಡನೆಯದು ನನಗೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತವನೆಂದರೆ ನನಗಿಂತ ಮೊದಲು ಕಾಕಾ ಒಬ್ಬನೇ. ಹಾಗಾಗಿ ಆಯಿಯ ಅನುಮಾನಕ್ಕೆ ಆಧಾರವಿತ್ತು ಅನ್ನಿ.

ಕಾಕಾ ಎಂದರೆ ಅಪ್ಪನ ತಮ್ಮ. ಜೇವರ್ಗಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಫೋಟೊ ಸ್ಟುಡಿಯೊ. ಎಂಬತ್ತರ ದಶಕದ ಆ ದಿನಗಳಲ್ಲಿ ಅವನಷ್ಟು ಬೇಡಿಕೆಯ ಮನುಷ್ಯ ಇಡೀ ತಾಲೂಕಿನಲ್ಲಿ ಇರಲಿಲ್ಲ ಎಂದರೆ ನೀವು ನಂಬಬೇಕು. ಒಂದೇ ಷರತ್ತು: ಅವನನ್ನು ಕರೆಸಬೇಕಾದರೆ ಮೊದಲು ನೀವು ಸತ್ತಿರಬೇಕು!

ನಗಬೇಡಿ. ನಮ್ಮ ಕಡೆ ಬದುಕಿದ್ದಾಗ ಫೋಟೊ ತೆಗೆಸಿಕೊಳ್ಳುವುದು ಯಾರಿಗೆ ನೆನಪಾಗುತ್ತಿತ್ತು? ಬಿತ್ತನೆ, ರಾಶಿ, ಮಗಳ ಮದುವೆ, ಮತ್ತೆ ಬಿತ್ತನೆ. ಜೀವ ಹೋದ ಮೇಲೆ ಹೆಣಕ್ಕೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಹೊಸ ರುಮಾಲು ಸುತ್ತಿ, ಹೂಮಾಲೆ ಹಾಕಿ ಗೋಡೆಗೆ ಒರಗಿಸಿ ಕುಳ್ಳಿರಿಸಿದಾಗ ಗುಂಪಿನಲ್ಲಿ ಯಾರೋ ಒಬ್ಬರು ಅಳು ನಿಲ್ಲಿಸಿ, "ಅಯ್ಯ, ಇವರ್ದು ಒಂದ್ ಫೋಟೊನೂ ಇಲ್ಲಲ್ಲೋ!" ಎನ್ನುತ್ತಿದ್ದರು. ಆಗ ನೆನಪಾಗುವವನು ಕಾಕಾ. ಅವನು ಮೊಪೆಡ್ ಹತ್ತಿ ಹೊರಡುತ್ತಿದ್ದ. ಜೀವಂತ ಗಿರಾಕಿಗೆ "ಗದ್ದ ಜರಾ ಮ್ಯಾಲ ಮಾಡ್ರಿ" ಎಂದರೆ ಸಾಕು. ಇವರ ಗದ್ದವನ್ನು ಅವನೇ ಬೆರಳಿನಿಂದ ಎತ್ತಿ ಕೂಡಿಸಬೇಕು.

ಎಲ್ಲ ಗದ್ದಲ ಶುರುವಾದದ್ದು ಯಡ್ರಾಮಿಯ ಒಬ್ಬ ಯಜಮಾನರಿಂದ. ಕತ್ತಲೆಯ ಪಡಸಾಲೆ, ಸುಣ್ಣದ ಗೋಡೆ, ತಲೆಗೆ ದೊಡ್ಡ ರುಮಾಲು. ಕಾಕಾ ಕ್ಯಾಮೆರಾದ ಪಕ್ಕಕ್ಕೆ ಫ್ಲ್ಯಾಶ್ ಹಿಡಿದು ಹೊಡೆದ. ಪ್ರಿಂಟಿನಲ್ಲಿ ಯಜಮಾನರು ಚೆನ್ನಾಗಿಯೇ ಬಂದಿದ್ದರು. ಆದರೆ ಅವರ ಹಿಂದೆ ಗೋಡೆಯ ಮೇಲೆ ಇನ್ನೊಬ್ಬರು ನಿಂತಿದ್ದರು! ಕಪ್ಪಗೆ, ದೈತ್ಯಾಕಾರವಾಗಿ, ರುಮಾಲಿನ ಎರಡು ಚುಂಗು ಕೋಡಿನ ಹಾಗೆ ಚಾಚಿಕೊಂಡು. ಯಜಮಾನರ ಮಗ ಫೋಟೊ ವಾಪಸ್ ತಂದು ಮೇಜಿನ ಮೇಲೆ ಬೋರಲು ಇಟ್ಟ.

"ನಮ್ಮಪ್ಪಂದು ತಗೀರಿ ಅಂದ್ರ ಯಮಂದು ಯಾಕ್ ತಗದೀರಿ? ಅವ್ವ ನೋಡಿ ಊಟ ಬಿಟ್ಟಾಳ್ರಿ."

ಅವತ್ತಿನಿಂದ ಕಾಕಾನಿಗೆ ನೆರಳಿನ ಮೇಲೆ ದ್ವೇಷ ಹುಟ್ಟಿತು. ಊಟಕ್ಕೆ ಕೂತರೆ ತಾಟಿನ ನೆರಳು ನೋಡುತ್ತಿದ್ದ, ಚಹಾ ಕುಡಿದರೆ ಬಸಿಯ ನೆರಳು. ಅದೇ ವರ್ಷ ಹಲ್ಲುನೋವೆಂದು ಸೊಲ್ಲಾಪುರಕ್ಕೆ ಹೋದ. ಅಲ್ಲಿನ ಡಾಕ್ಟರು ಒಬ್ಬ ರೋಗಿಯ ಬಾಯೊಳಗಿನ ಫೋಟೊ ತೆಗೆಯುತ್ತಿದ್ದರಂತೆ. ಕ್ಯಾಮೆರಾದ ಕಣ್ಣಿನ ಸುತ್ತ ಬಳೆಯ ಹಾಗೆ ಒಂದು ದುಂಡು ದೀಪ! ಬೆಳಕು ಸುತ್ತಲಿಂದ ಬೀಳುವುದರಿಂದ ಬಾಯಿಯ ಗುಹೆಯಲ್ಲೂ ನೆರಳಿಲ್ಲ. ಹಲ್ಲು ಕೀಳಿಸಲು ಹೋದವನು ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು, ದೀಪವನ್ನು ತಲೆಯಲ್ಲಿ ಇಟ್ಟುಕೊಂಡು, ಮುಂದಿನ ಬಸ್ಸಿಗೆ ವಾಪಸ್ ಬಂದ.

ಅಂಥ ದೀಪ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಮರುದಿನ ಆಯಿ ಹಿಟ್ಟು ಜರಡಿ ಹಿಡಿಯುವ ಸಾಣಿಗೆ ಕಾಣೆಯಾಯಿತು. ಕಾಕಾ ಅದರ ಜಾಲರಿ ಕಿತ್ತು, ಬೆನ್ನಿಗೆ ತಗಡು ಬಡಿದು, ನಡುವೆ ತೂತು ಕೊರೆದು, ತೂತಿನಲ್ಲಿ ತಳ ಕತ್ತರಿಸಿದ ಹಾಲಿನಪುಡಿ ಡಬ್ಬಿ ಕೂಡಿಸಿದ. ಕ್ಯಾಮೆರಾ ನೋಡಬೇಕಾದದ್ದು ಈ ಡಬ್ಬಿಯೊಳಗಿಂದ. ಒಳಮೈಗೆಲ್ಲ ಸಿಗರೇಟು ಪಾಕೀಟಿನ ಬೆಳ್ಳಿಕಾಗದ, ಮೇಲಿನಿಂದ ಒಳಗೆ ತೂರಿಸಿದ ಫ್ಲ್ಯಾಶ್, ಮುಂದೆ ತೆಳ್ಳನೆಯ ಬಟರ್ ಪೇಪರ್. ಮನೆಮಂದಿಯೆಲ್ಲ ಹೊಟ್ಟು ಸಮೇತ ರೊಟ್ಟಿ ತಿನ್ನುತ್ತ ವಿಜ್ಞಾನಕ್ಕೆ ನಮ್ಮ ಕಾಣಿಕೆ ಸಲ್ಲಿಸಿದೆವು.

"ನಿನ್ ಕೈ ಕಡದ್ ಹೋಗ್ಲಿ, ಹೆಣದ ಮುಂದ ಹಿಡ್ಯಾಕ ನನ್ ಸಾಣಿಗೀನ ಬೇಕಿತ್ತೇನೋ?" ಎಂದಳು ಆಯಿ.

"ಬೇ ಅವ್ವಾ, ಮೊರಕ್ಕ ಸುತ್ತೂ ಅಂಚು ಇರಂಗಿಲ್ಲ, ಏನ್ ಮಾಡ್ಲಿ?"

ಮೊದಲ ಪ್ರಯೋಗ ಒಂದು ಕುಂಬಳಕಾಯಿಯ ಮೇಲೆ. ಅದಕ್ಕೆ ಅಪ್ಪನ ರುಮಾಲು ಸುತ್ತಿ ಸ್ಟೂಲಿನ ಮೇಲೆ ಕೂಡಿಸಿದ. ಪ್ರಿಂಟು ನೋಡಿದರೆ ಬೆಳಕೆಲ್ಲ ಮೇಲ್ಭಾಗದಲ್ಲೇ ನಿಂತು, ಕುಂಬಳಕಾಯಿಗೆ ಕಪ್ಪು ಗಡ್ಡ ಬಂದಿತ್ತು. ಬೆಳಕನ್ನು ಕೆಳಗೆ ತಿರುಗಿಸಲು ಕನ್ನಡಿ ಚೂರು ಅಂಟಿಸಿದ. ಅಂಟು ಮೈದಾಹಿಟ್ಟಿನದು, ಹಾಗಾಗಿ ಇರುವೆಗಳು ಒಳಗೆ ಸಂಸಾರ ಹೂಡಿದವು. ಎರಡು ತಿಂಗಳ ಬಡಿದಾಟದ ಬಳಿಕ ನೆರಳು ಹೋಯಿತು. ನಾನು ಆಗ ಗುಲಬರ್ಗಾದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಭೌತಶಾಸ್ತ್ರ ಒಮ್ಮೆ ನನ್ನನ್ನು ಕೆಡವಿತ್ತು, ಎರಡನೆಯ ಸಲ ನಾನು ಅದನ್ನು ಕೆಡವಿದ್ದೆ. ಅದರ ಠೇಂಕಾರ ಇರಬೇಡವೇ?

"ಕಾಕಾ, ನೆರಳು ಹೋಗಿಲ್ಲ. ಸರೀ ಬೆನ್ನ ಹಿಂದ ಅಡಗಿ ಕುಂತದ, ಅದಕ್ಕ ಕಾಣವಲ್ದು."

"ಅಡಗಿ ಕುಂತದಲ್ಲ? ಸಾಕು ಬಿಡು. ನಮ್ ಮಂದೀಗಿ ಅಷ್ಟ ಆದ್ರ ಸಾಕು."

ಹತ್ತಿರದ ಸಣ್ಣ ವಸ್ತುವಿಗೂ ಆ ದೀಪ ಒಳ್ಳೆಯದೆಂದು ಗೊತ್ತಾದಾಗ, ತೊಗರಿ ಕಾಯಿ ಕೊರೆಯುವ ಹುಳುವಿನ ಫೋಟೊ ತೆಗೆದು, ಮೊಳದುದ್ದ ಹಿಗ್ಗಿಸಿ ಸ್ಟುಡಿಯೊದ ಬಾಗಿಲಿಗೆ ತೂಗುಹಾಕಿದ. ಮೈಮೇಲಿನ ಒಂದೊಂದು ಕೂದಲೂ ಕಾಣುತ್ತಿತ್ತು. ಸಂತೆಗೆ ಬಂದ ರೈತರೊಬ್ಬರು ಅದನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದರು: "ಇದು ಯಾ ಊರಾಗ ಬಂದದ್ರಿ? ಔಷಧಕ್ಕ ಸಾಯ್ತದೋ, ಬಂದೂಕ ಬೇಕೋ?"

ನಗು ಅಲ್ಲಿಗೆ ಮುಗಿಯಿತು. ಮುಂದಿನದಕ್ಕೆ ನಗು ಅಷ್ಟಾಗಿ ಬರುವುದಿಲ್ಲ.

ಅಫಜಲಪುರದ ಕಡೆಯ ಕರಜಗಿಯಲ್ಲಿ ನಡುವಯಸ್ಸಿನ ಒಬ್ಬರು ತೀರಿಕೊಂಡರು. ಕಾಕಾ ಮೊದಲ ಬಾರಿ ಸಾಣಿಗೆ ದೀಪ ಒಯ್ದ. ಸತ್ತವರ ಕಣ್ಣುಗಳು ಅರ್ಧ ತೆರೆದೇ ಇದ್ದವು. ಪ್ರಿಂಟಿನಲ್ಲಿ ಗೋಡೆಯ ಮೇಲೆ ಯಮನಿರಲಿಲ್ಲ. ಆದರೆ ಎರಡೂ ಕಣ್ಣೊಳಗೆ ಒಂದೊಂದು ಪುಟ್ಟ ಬೆಳಕಿನ ಬಳೆ ಕೂತಿತ್ತು. ದೀಪದ ಪ್ರತಿಬಿಂಬ, ಬೇರೇನಲ್ಲ. ಆದರೆ ಆ ಮನುಷ್ಯ ನಿಮ್ಮನ್ನು ನೋಡುತ್ತಿದ್ದ! ಕಾಕಾ ಫೋಟೊ ಕೊಡಲು ಹೋದಾಗ ಹೆಂಡತಿ ಅದನ್ನು ಕೈಗೆ ತೆಗೆದುಕೊಂಡಳಂತೆ. ಜಾರಿದ ಸೆರಗನ್ನು ಗಡಬಡಿಸಿ ತಲೆಯ ಮೇಲೆ ಎಳೆದುಕೊಂಡಳಂತೆ, ಗಂಡ ಎದುರಿಗೆ ಬಂದಾಗ ಎಳೆದುಕೊಳ್ಳುತ್ತಿದ್ದ ಹಾಗೆ. ಇದನ್ನು ಹೇಳಿದ ದಿನ ಕಾಕಾ ರಾತ್ರಿ ಊಟ ಮಾಡಲಿಲ್ಲ.

ಸುದ್ದಿ ಹಬ್ಬಿತು. ಆಳಂದದ ಆಚೆ ಸರಸಂಬಾದಿಂದಲೂ ಜನ ಜೀಪು ಮಾಡಿಕೊಂಡು ಬಂದರು. "ಸತ್ತವರ ಕಣ್ಣಾಗ ಜೀವ ತುಂಬ್ತಾರಂತಲ್ರಿ, ಅವರು ಇದ್ದಾರೇನ್ರಿ?" ಎಂದು ನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಎಷ್ಟು ಹೆಸರಾಯಿತೋ ಅಷ್ಟೇ ಜೀವಂತ ಗಿರಾಕಿಗಳು ದೂರವಾದರು. ಮದುವೆಯವರು ಮೊದಮೊದಲು, "ನೀವು ಬರ್ರಿ, ಆ ಸಾಣಿಗಿ ಮಾತ್ರ ಮನ್ಯಾಗ ಇಟ್ಟು ಬರ್ರಿ" ಎಂದರು. ಆಮೇಲೆ ಸಾಣಿಗೆ ಇಲ್ಲದೆಯೂ ಕರೆಯಲಿಲ್ಲ. ಒಮ್ಮೆ ಕಾಕಾ ವಿಳಾಸ ಕೇಳಲೆಂದು ಒಂದು ಮನೆಯ ಮುಂದೆ ಮೊಪೆಡ್ ನಿಲ್ಲಿಸಿದ. ತಿಂಗಳಿನಿಂದ ಹಾಸಿಗೆ ಹಿಡಿದಿದ್ದ ಅಲ್ಲಿನ ಮುದುಕರು, ಯಾವ ಡಾಕ್ಟರಿಂದಲೂ ಏಳದವರು, ಎದ್ದು ಹೊಸ್ತಿಲಿಗೆ ಬಂದು ಕೂಗಿದರು: "ನಾ ಇನ್ನ ಹೋಗಿಲ್ಲೋ ಮಾರಾಯಾ, ನೀ ಮುಂದ ನಡಿ!"

ಕಾಕಾ ಅದನ್ನು ತಮಾಷೆಯಾಗಿಯೇ ಹೇಳಿದ. ಮರುದಿನ ಸ್ಟುಡಿಯೊದ ಬೋರ್ಡಿನ ಕೆಳಗೆ ಹೊಸ ಸಾಲು ಬರೆದ: 'ಇಲ್ಲಿ ಜೀವಂತ ಇರುವವರ ಫೋಟೊ ಸಹ ತೆಗೆಯಲಾಗುವುದು.' ಜನ ಅದನ್ನು ಓದಲು ನಿಲ್ಲುತ್ತಿದ್ದರು, ನಗುತ್ತಿದ್ದರು, ಹೋಗುತ್ತಿದ್ದರು. ಒಬ್ಬರೂ ಒಳಗೆ ಬರಲಿಲ್ಲ. ಮನೆಯೊಳಗಂತೂ ಆಯಿಯ ಕಟ್ಟಪ್ಪಣೆ: ನಮ್ಮ ಪೈಕಿ ಯಾರೂ ಆ ದೀಪದ ಮುಂದೆ ಸುಳಿಯಕೂಡದು.

ನಾನು ಕೊನೆಯ ಪರೀಕ್ಷೆ ಬರೆದು ಬಂದಾಗ ಕಾಕಾ ಸ್ಟೂಲಿನ ಮೇಲೆ ತಾನೇ ಕೂತಿದ್ದ. ದೀಪ ಎದುರಿಗಿತ್ತು.

"ಈ ಸಲ ಅಂಗಡಿ ಮುಚ್ಚತೇನಿ ಬೇ," ಎಂದ. "ಎಷ್ಟಂತ ತಣ್ಣನ ಗದ್ದ ಎತ್ಲಿ? ಒಬ್ಬ, ಒಬ್ಬೇ ಒಬ್ಬ ಜೀವಂತ ಮನಷಾ ಇದರ ಮುಂದ ಕುಂತು ಕಣ್ಣ ಪಿಳಿಪಿಳಿ ಮಾಡಿದ್ರ ಸಾಕಿತ್ತು. ಫೋಟೊ ಕೆಟ್ರೂ ಅಡ್ಡಿ ಇದ್ದಿಲ್ಲ."

ಡಿಗ್ರಿ ಕೈಗೆ ಬರಲಿ, ಆ ಒಬ್ಬ ಮನುಷ್ಯ ನಾನೇ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಘಟಿಕೋತ್ಸವ ಮುಗಿಯಿತು. ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಯಾರ ಕೈಗೂ ಕೊಡದೆ, ನಿಂತೇ ಜೇವರ್ಗಿಗೆ ಬಂದೆ. ನಮ್ಮ ಮನೆತನದ ಮೊದಲ ಡಿಗ್ರಿ! ನೇರವಾಗಿ ಸ್ಟುಡಿಯೊದೊಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ.

"ಕಾಕಾ, ಫೋಟೊ ತಗಿ."

ಅವನ ಮುಖ ಅರಳಿತು. ಕ್ಯಾಮೆರಾ ತಂದ, ಅದರ ಮುಂದೆ ಕೂಡಿಸಿದ್ದ ಸಾಣಿಗೆಯನ್ನು ಬಿಚ್ಚತೊಡಗಿದ.

"ಅದು ಇರ್ಲಿ. ಅದರಾಗ ತಗಿ."

"ಬ್ಯಾಡ. ನಡಿ, ಹೊರಗ ಬಿಸಲಾಗ ತಗೀತೇನಿ."

"ಒಬ್ಬ ಜೀವಂತ ಮನಷಾ ಬೇಕಂತಿದ್ದಿ?"

"ಬೇಕಂತಿದ್ದೆ." ಕಾಕಾ ಸಾಣಿಗೆಯನ್ನು ಬಿಚ್ಚಿಯೇಬಿಟ್ಟ. "ನೀ ಬ್ಯಾಡ."

ಊರೆಲ್ಲ ಅಂಜಿದ್ದನ್ನು ನೋಡಿ ನಕ್ಕಿದ್ದ ಮನುಷ್ಯ ಈಗ ತಾನೇ ಅಂಜಿದ್ದ! ನಾನು ಬೆಳಕಿನ ಬಗ್ಗೆ ಕಲಿತದ್ದನ್ನೆಲ್ಲ ಹೇಳಿದೆ, ಕೂಗಾಡಿದೆ. ಅವನು ಸಾಣಿಗೆಯನ್ನು ಎದೆಗೆ ಅವಚಿಕೊಂಡು ತಲೆ ಅಲ್ಲಾಡಿಸುತ್ತ ನಿಂತ. ನಮ್ಮ ಗದ್ದಲಕ್ಕೆ ಆಯಿ ಒಳಗಿನಿಂದ ಬಂದಳು, ಕೈಯೆಲ್ಲ ಹಿಟ್ಟು. ನನ್ನನ್ನೂ ಅವನನ್ನೂ ಒಮ್ಮೆ ನೋಡಿದಳು. ಬೈಗುಳದ ಮಳೆಯೇ ಬರುತ್ತದೆಂದು ನಾನು ಎದ್ದು ನಿಂತೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ತಾನು ಕೂತಳು, ಕೈಯನ್ನು ಸೀರೆಗೆ ಒರೆಸಿಕೊಂಡು ಚಾಚಿದಳು.

"ಆ ಕಾಗದ ಇಲ್ಲಿ ಕೊಡು."

ಕೊಟ್ಟೆ. ಎರಡೂ ಕೈಯಿಂದ ಅದನ್ನು ಎದೆಯ ಮುಂದೆ ಹಿಡಿದುಕೊಂಡು ಆಯಿ ಮಗನಿಗೆ ಹೇಳಿದಳು:

"ನೀ ಅದನ್ನ ಕ್ಯಾಮೆರಾಕ್ಕ ಹಚ್ಚೋ. ಏನರೆ ಆಗೂದಿದ್ರ ಮೊದಲ ನನಗ ಆಗ್ಲಿ, ನಾ ಉಂಡು ತಿಂದು ಮುಗಿಸೀನಿ. ನಾಳಿ ಮುಂಜಾನಿ ನಾ ಎದ್ದು ಚಾ ಕುಡದ್ನಂದ್ರ ಹುಡುಗೀನ ಕುಂದ್ರಸು. ಹೂಂ, ಹೊಡಿ ಮಗನ."