ಕೈ ಕಚ್ಚದ ಹ್ಯಾಮ್‌ಸ್ಟರ್

ಬೆಕ್ಕು ಕಂಡರೆ ಕಿರುಚುವ, ನಾಯಿ ಕಂಡರೆ ಅಪ್ಪನ ಹೆಗಲೇರುವ ಮಗಳು ಕೊನೆಗೂ ಇಲಿಯಂಥ ಒಂದು ಪುಟ್ಟ ಹ್ಯಾಮ್‌ಸ್ಟರ್ ಸಾಕಲು ಒಪ್ಪಿದ್ದಳು.

"ಕಚ್ಚಲ್ಲ ತಾನೆ ಅಪ್ಪಾ?"

"ಖಂಡಿತ ಇಲ್ಲ ಪುಟ್ಟೀ," ಎಂದು ಮಾತು ಕೊಟ್ಟ ವಾಚ್ ರಿಪೇರಿಯವನು ಬೆಳಿಗ್ಗೆಯೇ ಸಾಕುಪ್ರಾಣಿಗಳ ಅಂಗಡಿಗೆ ಓಡಿದ. ಈ ಸಲವೂ ಹೆದರಿದಳೆಂದರೆ ಹುಡುಗಿ ಜನ್ಮದಲ್ಲಿ ಯಾವ ಪ್ರಾಣಿಯನ್ನೂ ಮುಟ್ಟುವವಳಲ್ಲ.

"ನೋಡಿ, ಕೈ ಕಚ್ಚಬಾರದು. ಅಂಥದ್ದೊಂದು ಕೊಡಿ."

"ಅರ್ಥ ಆಯ್ತು ಬಿಡಿ ಸಾರ್," ಎಂದ ಅಂಗಡಿಯವನು ಹಿಂದಿನ ಗೂಡಿನಿಂದ ಹರಿದ ಕಿವಿಯದೊಂದನ್ನು ಹಿಡಿದು ಡಬ್ಬಿಗೆ ಹಾಕಿದ. ಅವನು ದಪ್ಪ ಗ್ಲೌಸ್ ತೊಟ್ಟದ್ದನ್ನು ನಮ್ಮವನು ಶುಚಿತ್ವ ಎಂದುಕೊಂಡ.

ರಿಪೇರಿ ಅಂಗಡಿಯಲ್ಲಿ ಡಬ್ಬಿ ಇಟ್ಟದ್ದೇ ತಡ, "ಅಯ್ಯೋ, ಎಷ್ಟು ಮುದ್ದಾಗಿದೆ!" ಎಂದು ಪಕ್ಕದ ಟೈಲರ್ ಬೆರಳು ತೂರಿಸಿದ. ಮರುಕ್ಷಣ ಅವನು ಹಾಕಿದ ಕೂಗಿಗೆ ಬೀದಿಯೇ ನೆರೆಯಿತು.

"ಪ್ರೀತಿಯಿಂದ ಮುಟ್ಟಬೇಕು ಕಣ್ರೀ," ಎಂದು ಉಪದೇಶಿಸುತ್ತ ಚಪ್ಪಲಿ ಅಂಗಡಿಯ ಯಜಮಾನರು ಪ್ರೀತಿಯಿಂದಲೇ ಮುಟ್ಟಿದರು. ಅವರಿಗೂ ರಕ್ತ ಬಂತು. ಬಿಡಿಸಲು ಹೋದ ನಮ್ಮವನ ಹೆಬ್ಬೆರಳಿಗೆ ಅದು ಬಟ್ಟೆಗೆ ಹಾಕಿದ ಕ್ಲಿಪ್ಪಿನಂತೆ ಜೋತುಬಿತ್ತು.

ಇದು ಮಗಳ ಬೆರಳಾಗಿದ್ದರೆ? ಹೆಂಡತಿಗೆ ಫೋನ್ ಮಾಡಿದ.

"ಕಚ್ಚತ್ತೆ ಕಣೇ ಇದು!"

"ನಿಮ್ಮ ಕೈಲಿ ಒಂದು ಇಲಿ ತರೋಕೂ ಆಗಲ್ವಲ್ಲ!" ಎಂದವಳೇ ಫೋನ್ ಇಟ್ಟಳು.

ನಮ್ಮವನು ಡಬ್ಬಿ ಹೊತ್ತು ವಾಪಸು ಓಡಿದ. "ಕೈ ಕಚ್ಚಬಾರದು ಅಂದಿದ್ನಲ್ರೀ!"

"ಅದಕ್ಕೇ ಸಾರ್, ಎಲ್ಲಕ್ಕಿಂತ ಅಗ್ಗದ್ದು ಕೊಟ್ಟೆ! ಕಚ್ಚತ್ತೆ ಅಂತ ಎಲ್ಲರೂ ವಾಪಸ್ ತರ್ತಾರೆ. ಅದಕ್ಕೇ ರೇಟು ಕಮ್ಮಿ."

ನಮ್ಮವನು ಡಬ್ಬಿಯನ್ನು ಅಂಗಡಿಯವನತ್ತ ತಳ್ಳಿದ. "ರೇಟಿನ ವಿಷಯ ಅಲ್ಲ ಕಣಯ್ಯಾ! ಹಲ್ಲಿನ ವಿಷಯ!"

ಈ ಸಲ ಬ್ಯಾಂಡೇಜಿನ ಹೆಬ್ಬೆರಳನ್ನೇ ಗೂಡುಗೂಡಿಗೂ ಒಡ್ಡಿ ಪರೀಕ್ಷಿಸಿದ. ಕಂದು ಬಣ್ಣದ್ದೊಂದು ತಾನಾಗಿ ಅಂಗೈ ಹತ್ತಿ, ಕೂತು ಮುಖ ತೊಳೆದುಕೊಂಡಿತು. ಬೆಲೆ ಕೇಳಿ ತಲೆ ಸುತ್ತಿದರೂ ಕೊಂಡ.

ಸಂಜೆ ಕೆಲಸ ಮುಗಿಸಿ ಮನೆಗೆ ಬಂದಾಗ ಮಗಳು ಊಟದ ಮೇಜಿನ ಮೇಲೆ ಕಾಲು ಮಡಚಿ ಕುಳಿತಿದ್ದಳು. ಕೆನ್ನೆ ಒದ್ದೆ. ಬೆರಳಿಗೆ ಬ್ಯಾಂಡೇಜು. ನೆಲದ ಮೇಲೊಂದು ಡಬ್ಬಿ. ನಮ್ಮವನು ಬಗ್ಗಿ ನೋಡಿದ. ಅದೇ ಹರಿದ ಕಿವಿ!

"ನಿಮ್ಮನ್ನ ನಂಬ್ಕೊಂಡ್ರೆ ಆಗಲ್ಲ ಅಂತ ಮಧ್ಯಾಹ್ನ ನಾನೇ ಹೋಗಿ ತಂದೆ ರೀ," ಹೆಂಡತಿ ಅಳುಮುಖ ಮಾಡಿದಳು. "ಅದೇ ಅಂಗಡೀಲಿ, ಅಂಗಡಿಯವನ ತಮ್ಮ ಇದ್ದ. ಕೈ ಕಚ್ಚಬಾರದು ಅಂತ ಸಾರಿ ಸಾರಿ ಹೇಳಿದ್ದೆ."

ನಮ್ಮವನು ತನ್ನ ಡಬ್ಬಿ ತೆರೆದು, ಕಂದು ಮರಿಯನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಪುಟ್ಟೀ, ಇದು ನೋಡು. ನಿಜವಾಗ್ಲೂ ಕಚ್ಚಲ್ಲ."

ಮಗಳು ಮೇಜಿನ ಆ ತುದಿಗೆ ಸರಿದಳು.

"ಅಮ್ಮನೂ ಹಾಗೇ ಅಂದಿದ್ಲು."