ಸಮಾಧಾನ ಹೇಳಲು ಬರುವ ಮಾವ

ನಮ್ಮ ಕಂಬಂ ಕಣಿವೆಯಲ್ಲಿ ಆಗ ಸಾವಿಗೆ ಯಾರೂ ಅಷ್ಟಾಗಿ ಹೆದರುತ್ತಿರಲಿಲ್ಲ. ಒಂದು ವರ್ಷ ವಾಂತಿಭೇದಿ, ಮರುವರ್ಷ ಕಾಡುಜ್ವರ, ಅಭ್ಯಾಸವಾಗಿಹೋಗಿತ್ತು. ಜನ ಹೆದರುತ್ತಿದ್ದದ್ದು ಸಾವಿನ ಬೆನ್ನಿಗೇ ಬರುತ್ತಿದ್ದ ನನ್ನ ಸೋದರಮಾವನಿಗೆ!

ಹೆಣ ಎತ್ತಿದ ಮನೆಗೆ ಹೋಗಿ ಸಮಾಧಾನ ಹೇಳುವುದು ಮಾವನ ಉದ್ಯೋಗ. ಯಾರೂ ಒಪ್ಪಿಸಿದ್ದಲ್ಲ, ಯಾರಿಂದಲೂ ಬಿಡಿಸಲಾಗದ್ದು. ಪಳನಿಯಲ್ಲಿ ಯಾರೋ ಸನ್ಯಾಸಿಯ ಕಾಲೊತ್ತಿ ವೇದಾಂತ ಕಲಿತು ಬಂದನಂತೆ. ಎಷ್ಟು ಒತ್ತಿದ, ಎಷ್ಟು ಕಲಿತ ಎಂಬುದಕ್ಕೆ ಮಾವನ ಮಾತು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಸ್ವಂತ ಹೊಲಕ್ಕೆ ಹೋಗಲು ಮೈಗಳ್ಳ. ಸಾವಿನ ಮನೆಗೆ ಮಾತ್ರ ಕರೆ ಬರುವ ಮೊದಲೇ ಗಾಡಿ ಹೂಡುತ್ತಿದ್ದ. ಆಂಡಿಪಟ್ಟಿಯಲ್ಲಿ ಯಾರಾದರೂ ಕೆಮ್ಮಿದರೆ ಕಂಬಂನಲ್ಲಿ ಮಾವ ಗಾಡಿಯ ಅಚ್ಚಿಗೆ ಎಣ್ಣೆ ಬಿಡುತ್ತಾನೆ ಎಂದು ಊರು ಆಡಿಕೊಳ್ಳುತ್ತಿತ್ತು. ಇದು ಕೇಳಿದ ಮಾತು. ಕಂಡದ್ದನ್ನು ಇನ್ನು ಮುಂದೆ ಹೇಳುತ್ತೇನೆ.

ಅಳುವವರ ಎದುರಿಗೆ ಚಕ್ಕಂಬಕ್ಕಲ ಹಾಕಿ ಕೂತು ಶುರುಮಾಡುತ್ತಿದ್ದ: "ಮೈ ಅನ್ನೋದು ಸತ್ರ ಕಣವ್ವಾ. ಜೀವ ಅನ್ನೋದು ದಾರಿ ನಡೆಯೋನು. ಬಂದ, ತಂಗ್ದ, ಎದ್ದೋದ. ಅದಕ್ಕೆ ಸತ್ರದೋರು ಅಳ್ತಾರಾ?"

ಹೀಗೆ ಹೊರಟ ಮಾತು ಏಳು ಲೋಕ ಸುತ್ತಿ ಬರುವ ಹೊತ್ತಿಗೆ ಅಳುತ್ತಿದ್ದವರು ಆಕಳಿಸುತ್ತಿದ್ದರು. ದುಃಖ ಶಮನವಾಗುವುದು ಎಂದರೆ ಇದೇ ಎಂದು ಮಾವ ತಿಳಿದಿದ್ದ!

ಒಮ್ಮೆ ಬತ್ತಲಗುಂಡಿನಲ್ಲಿ ನಮ್ಮ ಪೈಕಿಯ ಮುದುಕರೊಬ್ಬರು ತೀರಿಕೊಂಡರೆಂದು ಸುದ್ದಿ ಬಂತು. ಮಾವನ ಜೊತೆ ನಾನೂ ಹೋದೆ. ಮಾವ ಒಳಗೆ ಕಾಲಿಟ್ಟವನೇ ಸತ್ರದ ಮಾತು ಎತ್ತಿದ. ಮೂಲೆಯ ಚಾಪೆಯ ಮೇಲೆ ಕಂಬಳಿ ಅಲುಗಿತು. ಮುದುಕರು ತಲೆ ಹೊರಗೆ ಹಾಕಿ, "ಒಸಿ ತಡಿಯಪ್ಪಾ, ನಾನಿನ್ನೂ ಸತ್ರ ಬುಟ್ಟಿಲ್ಲ" ಎಂದರು.

ಬೇರೆ ಯಾರಾದರೂ ಆಗಿದ್ದರೆ ನಾಚಿ ಎದ್ದು ಬರುತ್ತಿದ್ದರು. ಮಾವ? "ಶುರು ಮಾಡಿದ್ದು ಮುಗಿಸ್ಬುಡ್ತೀನಿ ತಾತ. ಇವತ್ತಲ್ಲದಿದ್ರೆ ನಾಳೆ ಬೇಕಾಗ್ತದೆ" ಎಂದು ಪೂರ್ತಿ ಹೇಳಿಯೇ ಎದ್ದ. ಮುದುಕರು ಆ ವಾರವೇ ತೀರಿಕೊಂಡರು. ಜ್ವರ ಮೊದಲೇ ಇತ್ತು. ಆದರೆ ಅವರ ಮಗ ಜ್ವರವನ್ನು ಬಿಟ್ಟು ಮಾವನನ್ನೇ ಹಿಡಿದುಕೊಂಡ: ಅಪ್ಪನಿಗೆ ಬದುಕುವ ಆಸೆ ಕೆಡಿಸಿದ್ದೇ ಇವನು ಎಂದು.

ಇನ್ನೊಂದು ಸಲ ದಿಂಡಿಗಲ್ಲಿಗೆ ಹೊಗೆಸೊಪ್ಪು ಹಾಕಿ ಬರುವಾಗ ದಾರಿಯಲ್ಲಿ ಒಬ್ಬ ಹೆಂಗಸಿನ ಗಾಡಿಯ ಎತ್ತು ಬಿದ್ದು ಸತ್ತಿತ್ತು. ಮಾವ ಗಾಡಿ ನಿಲ್ಲಿಸಿ ಇಳಿದ.

"ನಿನ್ನೆತ್ತು ಎಲ್ಲೂ ಓಗಿಲ್ಲ ತಾಯಿ. ಮುಂದಿನ ಜಲ್ಮದಲ್ಲಿ ಮನುಸನಾಗಿ ಉಟ್ತದೆ."

"ಮನುಸನಾಗಿ ಉಟ್ಟಿ? ನಿನ್ನಂಗೆ ದಾರೀಲಿ ನಿಂತು ಮಾತಾಡಕ್ಕಾ? ಎತ್ತಾಗಿದ್ರೆ ಕೆಲಸನಾದ್ರೂ ಮಾಡ್ತದೆ. ನೊಗಕ್ಕೆ ಎಗಲು ಕೊಡು, ಇಲ್ಲಾ ಒಂಟೋಗು!"

ಮಾವ ನಮ್ಮ ಎರಡೆತ್ತಿನಲ್ಲಿ ಒಂದನ್ನು ಬಿಚ್ಚಿ ಅವಳ ಗಾಡಿಗೆ ಹೂಡಿದ. ನಮ್ಮ ನೊಗದ ಖಾಲಿ ಪಕ್ಕಕ್ಕೆ ನನ್ನನ್ನು ನಿಲ್ಲಿಸಿದ. ವೇದಾಂತ ಮಾವನದು, ಹೆಗಲು ನನ್ನದು!

ಆ ವರ್ಷಗಳಲ್ಲಿ ಮಲೆಯ ಮೇಲೆ ಪೆರಿಯಾರಿಗೆ ಅಣೆ ಕಟ್ಟುತ್ತಿದ್ದರು. ನೀರು ಕಣಿವೆಗೆ ಬರುತ್ತದೆ ಎಂದು ಎಲ್ಲರಿಗೂ ಸಂತೋಷ. ಅದಕ್ಕಿಂತ ಮೊದಲು ಕಣಿವೆಗೆ ಬಂದದ್ದು ಜ್ವರ. ಮಾವನ ಒಬ್ಬಳೇ ಮಗಳು, ಅಣೆಯ ಕೆಲಸಕ್ಕೆ ಸುಣ್ಣದ ಗಾಡಿ ಹೊಡೆಯುವ ಗಂಡನಿಗೆ ಅಡಿಗೆ ಮಾಡಿಹಾಕಲು ಮಲೆ ಹತ್ತಿದ್ದಳು. ಗಂಡ ಒಬ್ಬನೇ ಇಳಿದು ಬಂದ. ಮಣ್ಣು ಮಾಡುವುದೂ ಅಲ್ಲೇ ಆಗಿಹೋಗಿತ್ತು. ಹೆತ್ತವಳು ಮುಖವನ್ನೂ ನೋಡಲಿಲ್ಲ.

ಸುದ್ದಿ ಕೇಳಿ ಊರಿಗೆ ಊರೇ ಬಂತು. ದುಃಖಕ್ಕೆ ಬಂದವರೂ ಇದ್ದರು. ಮಾವ ಈಗ ಏನು ಹೇಳುತ್ತಾನೆ ಎಂದು ನೋಡಲು ಬಂದವರು ಅದಕ್ಕಿಂತ ಹೆಚ್ಚು. ಬತ್ತಲಗುಂಡಿನ ಮುದುಕರ ಮಗನೂ ಬಂದ. ಮಾವನ ಎದುರಿಗೆ ಚಕ್ಕಂಬಕ್ಕಲ ಹಾಕಿ ಕೂತ.

"ಮೈ ಅನ್ನೋದು ಸತ್ರ ಮಾಮಾ. ಜೀವ ದಾರಿ ನಡೆಯೋನು. ಬಂದ, ಎದ್ದೋದ..."

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಮಾವ ತಲೆಯೆತ್ತಿದ.

"ನಡುವೆ 'ತಂಗ್ದ' ಅನ್ನೋದು ಬುಟ್ಟೆ ಮಗಾ. ಅದ್ನೂ ಸೇರಿಸ್ಕೊ."

ಅಷ್ಟೇ. ಬಂದವನು ಮಜ್ಜಿಗೆ ಕುಡಿದು ಹೋದ. ಮಾವ ಕಣ್ಣೀರು ಹಾಕಿದ್ದನ್ನು ಯಾರೂ ಕಾಣಲಿಲ್ಲ. ಬಂದವರಿಗೆ ಎಂಥ ನಿರಾಸೆ!

ಕಷ್ಟ ಇದ್ದದ್ದು ಒಳಗೆ. ಅತ್ತೆ ಊಟ ಬಿಟ್ಟಿದ್ದಳು. ಕರ್ಮದ ದಿನ ಕಳೆದ ಮೇಲೂ ಗಂಜಿಯ ತಿಳಿ ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿಯದು. ಕೈಯ ಬಳೆ ಮೊಣಕೈ ತನಕ ಜಾರುತ್ತಿತ್ತು. ಹೀಗೇ ಬಿಟ್ಟರೆ ಇನ್ನೊಂದು ಹೆಣ ಎತ್ತಬೇಕಾಗುತ್ತದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಕಣಿವೆಗೆಲ್ಲ ಸಮಾಧಾನ ಹೇಳಿದ ಮನುಷ್ಯ ಕೊನೆಗೆ ಹೆಂಡತಿಯ ಎದುರು ಕೂತ.

"ನೋಡು, ಜೀವಕ್ಕೆ ಸಾವಿಲ್ಲ..."

"ಸಾವಿಲ್ಲ ಅಲ್ವಾ? ಹಂಗಾದ್ರೆ ಎಲ್ಲವಳೆ? ಯಾವೂರು? ಹೆಸರೇಳು, ಗಾಡಿ ಹೂಡು, ಓಗಿ ನೋಡ್ಕಂಡು ಬರ್ತೀನಿ. ಮೋರೆ ನೋಡ್ದೆ ಕಳಿಸ್ಬುಟ್ಟೆ ನಾನು."

ಮಾವ, "ಗೊತ್ತಿಲ್ಲ ಕಣೆ. ಬಾ, ಹುಡುಕುವಾ" ಎಂದ. ಎದ್ದು ಹೋಗಿ ನಿಜವಾಗಿಯೂ ಗಾಡಿ ಹೂಡಿದ!

ಹೀಗೆ, ಸಾವಿನ ಮನೆ ಹುಡುಕಿಕೊಂಡು ಹೋಗುತ್ತಿದ್ದ ಗಾಡಿ, ಮಗಳು ಮತ್ತೆ ಎಲ್ಲಿ ಹುಟ್ಟಿದ್ದಾಳೋ ಎಂದು ಬಾಣಂತಿಯ ಮನೆ ಹುಡುಕಿಕೊಂಡು ಹೊರಟಿತು. ಗಾಡಿ ಹೊಡೆಯಲು ನಾನು. ಊರು ಬಿದ್ದು ಬಿದ್ದು ನಕ್ಕಿತು. ಶಾನುಭೋಗರು ದಾರಿಗೆ ಅಡ್ಡ ಬಂದು, "ಮಗು ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇರಬೇಕಲ್ಲಯ್ಯಾ! ನಿನ್ನ ಮಗಳು ಹೋದದ್ದು ಮೊನ್ನೆ" ಎಂದರು.

"ಜೀವ ಯಾವಾಗ ಒಳಕ್ಕೆ ಓಗ್ತದೆ ಅಂತ ನಿಮ್ಮ ಕಚೇರೀಲಿ ಬರಕಂಡಿದೀರಾ ಸಾಮಿ?" ಎಂದ ಮಾವ.

ಕೆಲವರು ನಮ್ಮನ್ನು ಕಂಡು ಬಾಗಿಲು ಹಾಕಿಕೊಂಡರು. ಮಗಳನ್ನು ಮಣ್ಣಿಗೆ ಕೊಟ್ಟ ಹೆಂಗಸಿನ ಕಣ್ಣು ಎಳೆಮಗುವಿನ ಮೇಲೆ ಬೀಳಬಾರದಂತೆ. ಇವರ ಮನೆಯ ಹೆಣದ ಮುಂದೆಲ್ಲ ಮಾವ ಗಂಟಲು ಹರಿದುಕೊಂಡಿದ್ದ ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ. ಬಾಗಿಲು ತೆರೆದವರು ಮಾತ್ರ ಪದ್ಧತಿ ಬಿಡಲಿಲ್ಲ. ನಮ್ಮವರಲ್ಲಿ ಬಾಣಂತಿಯ ಮನೆಗೆ ಹೋದವರಿಗೆ ಒಣಶುಂಠಿ, ಮೆಣಸು, ತಾಳೆಬೆಲ್ಲ ಕುಟ್ಟಿದ ಖಾರದುಂಡೆ ಕೊಡುತ್ತಾರೆ, ಆಮೇಲೆ ಹಿಡಿ ಅನ್ನ. ಬೇಡ ಎನ್ನುವಂತಿಲ್ಲ, ಎಂದರೆ ತಾಯಿಗೆ ಹಾಲು ಬತ್ತುತ್ತದೆ ಎಂಬ ನಂಬಿಕೆ.

ಮೊದಲ ಮನೆಯಲ್ಲಿ ಅತ್ತೆ ಉಂಡೆಯನ್ನು ಕೈಯಲ್ಲಿ ಹಿಡಿದು ಕೂತೇ ಇದ್ದಳು. ಬಾಣಂತಿ ಹುಡುಗಿ ಅಳುಮುಖ ಮಾಡಿ, "ತಿನ್ನವ್ವಾ, ನಂಗೆ ಮೊದಲೇ ಹಾಲು ಕಮ್ಮಿ" ಎಂದಳು. ಅತ್ತೆ ತಿಂದಳು. ಅನ್ನವನ್ನೂ ಉಂಡಳು. ಆಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮೋರೆ ನೋಡಿದಳು.

"ಅವಳೇನಾ?" ಎಂದ ಮಾವ.

"ಅಲ್ಲ."

"ಹೆಂಗೆ ಗೊತ್ತು?"

"ಹೆತ್ತೋಳಿಗೆ ಗೊತ್ತಾಗಲ್ವಾ? ಮುಂದಿನೂರಿಗೆ ನಡಿ."

ಊರಾದ ಮೇಲೆ ಊರು ಬಂತು. ಒಂದೊಂದು ಮನೆಯಲ್ಲೂ ಉಂಡೆ, ಅನ್ನ, ಮಗು, "ಅಲ್ಲ." ಅತ್ತೆಯ ಬಳೆ ಮಣಿಕಟ್ಟಿಗೆ ಇಳಿಯಿತು. ಮಾವ ಸತ್ರದ ಮಾತನ್ನು ಒಂದು ಮನೆಯಲ್ಲೂ ಎತ್ತಲಿಲ್ಲ.

ಆಂಡಿಪಟ್ಟಿಯ ಆಚೆ ಒಂದು ಬಾವಿಯ ಹತ್ತಿರ ಮಾವ ಎತ್ತಿಗೆ ನೀರು ಕುಡಿಸಲು ಹೋದಾಗ ಅತ್ತೆ ಮೆಲ್ಲಗೆ ಅಂದಳು: "ಅವಳು ಎಲ್ಲಿ ಉಟ್ಟಿದ್ರೂ ನಂಗೆ ಸಿಕ್ಕಲ್ಲ ಕಣಪ್ಪಾ. ಮೊದಲನೇ ಮನೇಲೇ ಗೊತ್ತಾಯ್ತು."

"ಮತ್ತೆ ಯಾಕತ್ತೆ ಈ ಅಲೆದಾಟ?"

"ನಿಮ್ಮಾವ ಮನೇಲಿದ್ರೆ ಗೋಡೆ ನೋಡ್ಕಂಡು ಕೂರ್ತಾನೆ. ಅವನೂ ಉಂಡಿರಲಿಲ್ಲ, ಗೊತ್ತಾ? ಯಾರು ನೋಡಿದ್ರು ಅವನ್ನ? ಎಲ್ಲಾ ಅವನ ಬಾಯಿ ನೋಡಕ್ಕೆ ಬಂದೋರೇ. ಇಲ್ಲಿ ನಾನು ಉಂಡ್ರೆ ಅವನೂ ಉಣ್ತಾನೆ. ಅವನಿಗೆ ಇದ ಏಳ್ಬೇಡ."

ಮಾವ ಎತ್ತು ಹಿಡಿದು ಬಂದ. "ಇನ್ನೆಲ್ಲಿಗೆ?" ಎಂದ.

ಅತ್ತೆ ಬೆಟ್ಟದ ಬುಡದ ಒಂದು ಊರಿನ ಹೆಸರು ಹೇಳಿದಳು. ಹಿಂದಿನ ದಿನವೇ ನಾವು ಆ ಊರಿನ ನಡುವೆ ಹಾದು ಬಂದಿದ್ದೆವು. ಜ್ವರಕ್ಕೆ ಹೆದರಿ ಜನ ಊರು ಬಿಟ್ಟಿದ್ದರು. ಒಂದು ಒಲೆಯೂ ಉರಿಯುತ್ತಿರಲಿಲ್ಲ. ಅಲ್ಲಿ ಮಗು ಹುಟ್ಟುವುದಿರಲಿ, ಹೆರುವವರೇ ಇರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಮಾವ ಅವಳ ಮುಖ ನೋಡಿದ. ಬಗ್ಗಿ, ಗಾಡಿಯಲ್ಲಿದ್ದ ಹುಲ್ಲನ್ನೆಲ್ಲ ಅವಳು ಕೂರುವ ಕಡೆಗೆ ಒತ್ತರಿಸಿ ಮೆತ್ತಗೆ ಮಾಡಿದ.

"ಸೈ," ಎಂದ. "ಅಲ್ಲೂ ಒಂದು ಕಿತ ನೋಡ್ಬುಡುವಾ."