ಶಾರದಕ್ಕನ ಮನೆಯ ಪ್ಲಗ್‌ಪಾಯಿಂಟ್

ಆ ದಿನ ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಹಾಲು ಕಾಯಿಸಿದೆ, ತುಳಸಿಗೆ ನೀರು ಹಾಕಿದೆ, ದೋಸೆ ಹೊಯ್ದೆ. ಹೈಸ್ಕೂಲ್ ಮೇಷ್ಟರಾದ ನನ್ನ ಯಜಮಾನರು ಕಾಫಿ ಕುಡಿದ ಲೋಟವನ್ನು ಎಂದಿನಂತೆ ಕಿಟಕಿ ಕಟ್ಟೆಯ ಮೇಲೆ ಮರೆತರು. ನಾನು ಎಂದಿನಂತೆ ಅದನ್ನು ಎತ್ತಿಕೊಂಡು, "ಈ ಮನೆಯಲ್ಲಿ ಇಟ್ಟ ಸಾಮಾನು ಮರೆಯದೇ ಇರೋದು ನಾನೊಬ್ಬಳೇ" ಎಂದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನಾನಂತೂ ಮರೆಯುವ ಹಾಗಿಲ್ಲ.

ಆ ದಿನದ ಒಂದೇ ವಿಶೇಷವೆಂದರೆ, ನಾನು ನಮ್ಮ ಹೊಸ ಕರೆಂಟ್ ಸ್ಕೂಟರಿನಲ್ಲಿ ಸಾಗರದಿಂದ ರಿಪ್ಪನ್‌ಪೇಟೆಗೆ ಹೋಗುವವಳಿದ್ದೆ. ಅಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಅವರ ಕಿವಿಯ ಮಿಷಿನ್ ಕೆಟ್ಟು ಸಾಗರದ ಅಂಗಡಿಗೆ ರಿಪೇರಿಗೆ ಬಂದಿತ್ತು. ಅದನ್ನು ಅಂಗಡಿಯಿಂದ ತೆಗೆದುಕೊಂಡು ಹೋಗಿ ಮುಟ್ಟಿಸಬೇಕಾದವಳು ನಾನು. ಮಧ್ಯಾಹ್ನ ಮೂರಕ್ಕೆ ಅವರ ಮೊಮ್ಮಗಳು ಸ್ಮಿತಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. "ಹುಡುಗನ ಮಾತು ನನ್ನ ಕಿವಿಗೆ ಬೀಳದೆ ನಾನು ಹೂಂ ಅನ್ನೋದಿಲ್ಲ" ಎಂದು ಚಿಕ್ಕಮ್ಮ ಘೋಷಿಸಿಯಾಗಿತ್ತು. ಅಂದರೆ ಒಂದು ಹುಡುಗಿಯ ಭವಿಷ್ಯ ನನ್ನ ಕೈಚೀಲದಲ್ಲಿ ಹೋಗಬೇಕಿತ್ತು.

"ಬಸ್ಸಿಗೆ ಹೋಗೆ" ಎಂದರು ಇವರು. "ಅಷ್ಟು ದೂರ ಈ ಗಾಡಿ ಹೋಗಿದ್ದಿಲ್ಲ. ರಾತ್ರಿ ಬೇರೆ ಕರೆಂಟ್ ಇರಲಿಲ್ಲ. ಚಾರ್ಜ್ ಎಷ್ಟಾಗಿದೆ ನೋಡು."

ನೋಡಿದೆ. ಅರವತ್ತೆರಡು.

"ಅರವತ್ತರ ಮೇಲೆ ಫಸ್ಟ್ ಕ್ಲಾಸ್" ಎಂದೆ.

"ಗಾಡಿ ನೀ ಓದಿದ ಕಾನ್ವೆಂಟಲ್ಲಿ ಓದಿಲ್ಲ ಮಾರಾಯ್ತಿ" ಎಂದು ಇವರು ಶಾಲೆಗೆ ಹೊರಟರು.

ಬಸ್ಸಿಗೆ ಹೋಗಬಹುದಿತ್ತು. ಹೋಗದಿದ್ದುದಕ್ಕೆ ಕಾರಣ ನಮ್ಮ ಪಕ್ಕದ ಮನೆಯ ಗಣಪತಣ್ಣ. ಪವರ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ನಮ್ಮಿಬ್ಬರ ನಡುವಿನ ಕಾಂಪೌಂಡ್ ಗೋಡೆಯೇ ನಮ್ಮ ವಿಧಾನಸಭೆ. ಕರೆಂಟಿನ ವಿಷಯದಲ್ಲಿ ಅವರದು ನೀರಿನ ಪಕ್ಷ, ನನ್ನದು ಬಿಸಿಲಿನ ಪಕ್ಷ. ಓಟಿನ ವಿಷಯಕ್ಕೆ ಬಂದರೆ ಅವರು ಯಾರಿಗೆ ಹಾಕುತ್ತಾರೆಂದು ಇಡೀ ಓಣಿಗೆ ಗೊತ್ತು. ನಾನು ಯಾರಿಗೆ ಹಾಕುತ್ತೇನೆಂದು ಇವರಿಗೂ ಗೊತ್ತಿಲ್ಲ. ಗಾಡಿಯ ಚಾರ್ಜರನ್ನು ಬಟ್ಟೆಚೀಲಕ್ಕೆ ತುಂಬಿ ಹೊರಗೆ ಬಂದಾಗ ಗಣಪತಣ್ಣ ದಾಸವಾಳಕ್ಕೆ ನೀರು ಬಿಡುತ್ತಿದ್ದರು.

"ಏನು ತಂಗಿ, ಸವಾರಿ ಜೋರು?"

"ರಿಪ್ಪನ್‌ಪೇಟೆಗೆ ಗಣಪತಣ್ಣ. ಒಂದು ತೊಟ್ಟು ಪೆಟ್ರೋಲ್ ಇಲ್ಲದೆ. ನಾಳೆ ನಮ್ಮ ತಾರಸಿಗೆ ಸೋಲಾರ್ ಹಾಕಿಸಿದ್ರೆ ಕರೆಂಟೂ ಬೇಡ, ಬರೀ ಬಿಸಿಲು."

"ನಾಳೆದು ನಾಳೆಗಾಯ್ತು. ಇವತ್ತು ಅದರ ಹೊಟ್ಟೇಲಿರೋದು ಲಿಂಗನಮಕ್ಕಿ ಡ್ಯಾಮಿನ ನೀರೇ ಅಲ್ದಾ?"

ಈ ಮಾತಿಗೆ ಸುಮ್ಮನಿರಲಾದೀತೆ? ಭಾಷಣಕ್ಕೆ ನಿಂತಾಗ ಎರಡೂ ಕೈ ಖಾಲಿ ಇರಬೇಕು ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಕೈಯಲ್ಲಿದ್ದುದನ್ನು ಇಟ್ಟು ಹತ್ತು ನಿಮಿಷ ಮಾತಾಡಿದೆ. ಗಾಳಿಯಂತ್ರ, ಹೊರದೇಶದ ಬ್ಯಾಟರಿ, ಬಂದ ಹೋದ ಸರ್ಕಾರಗಳು, ಯಾರನ್ನೂ ಬಿಡಲಿಲ್ಲ. ಗಣಪತಣ್ಣನ ಪೈಪಿನ ನೀರು ದಾಸವಾಳ ಬಿಟ್ಟು ಅವರ ಕಾಲಿಗೇ ಹರಿಯುತ್ತಿತ್ತು. ಗೆದ್ದೆ ಎಂಬ ತೃಪ್ತಿಯಿಂದ ಗಾಡಿ ಏರಿ ಹೊರಟೆ.

ಪೇಟೆಯಲ್ಲಿ ಕಿವಿಯ ಮಿಷಿನ್ ತೆಗೆದುಕೊಂಡೆ. ಅಷ್ಟು ದೂರ ಬಂದವಳು ಮೂವರು ಗೆಳತಿಯರಿಗೆ ಗಾಡಿ ತೋರಿಸದೆ ಹೋಗುವುದು ಚೆನ್ನಾಗಿರುವುದಿಲ್ಲ. ತೋರಿಸಿದೆ. ಮೂವರನ್ನೂ ಒಂದೊಂದು ಸುತ್ತು ಕೂರಿಸಿಕೊಂಡು ಬಂದೆ. ಆಮೇಲೆ ಹೈವೇಯಲ್ಲಿ 'ಸ್ಪೋರ್ಟ್ಸ್' ಎಂಬ ಗುಂಡಿ ಕಂಡಿತು. ಶಾಲೆಯ ಸ್ಪೋರ್ಟ್ಸ್ ದಿನ ನಾನು ಯಾವತ್ತೂ ಚಪ್ಪಾಳೆ ತಟ್ಟುವ ಸಾಲಿನಲ್ಲಿ ಇದ್ದವಳು. ಒತ್ತಿದೆ. ಗಾಡಿ ಹಾರಿತು! ಆನಂದಪುರ ದಾಟಿ ರಿಪ್ಪನ್‌ಪೇಟೆಯ ಕಡೆ ತಿರುಗಿದೆ. ಒಂದು ಏರು, ಇನ್ನೊಂದು ಏರು. ಅಂಕಿ ನಲವತ್ತಾಯಿತು, ಇಪ್ಪತ್ತಾಯಿತು, ಹನ್ನೊಂದಾಯಿತು. ಕೊನೆಗೆ ನಾಲ್ಕು. ನಮ್ಮ ಕಾನ್ವೆಂಟಿನಲ್ಲಿ ನಾಲ್ಕು ಬಂದವರ ಅಪ್ಪನನ್ನು ಕರೆಸುತ್ತಿದ್ದರು.

ಅಷ್ಟರಲ್ಲಿ ರಸ್ತೆ ಪಕ್ಕದ ಹಸಿರು ಗೇಟಿನ ಮನೆ ಕಂಡಿತು. ಅದು ಶಾರದಕ್ಕನ ಮನೆ. ಯಾವುದೋ ಮದುವೆಯಲ್ಲಿ ಅಕ್ಕಪಕ್ಕ ಕೂತು ಉಂಡಷ್ಟೇ ಪರಿಚಯ. ಅಂದು ಕೈ ತೊಳೆಯುವಾಗ ಅವರು, "ರಿಪ್ಪನ್‌ಪೇಟೆ ರಸ್ತೇಲೇ, ಹಸಿರು ಗೇಟು, ಒಂದ್ಸಲ ಬನ್ನಿ" ಅಂದಿದ್ದರು. ನಾನೂ ಎಲ್ಲರಿಗೂ ಹೇಳುವ ಹಾಗೆ "ಖಂಡಿತಾ" ಅಂದಿದ್ದೆ.

ಒಂದು ಗಂಟೆ ಪ್ಲಗ್ ಕೇಳಿದರಾಯಿತು ಎಂದುಕೊಂಡು ಗೇಟು ತೆಗೆದೆ. ಶಾರದಕ್ಕ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಅಂತೂ ಬಂದ್ರಾ! ಬರ್ತೀನಿ ಅಂತ ಎಲ್ರೂ ಹೇಳ್ತಾರೆ, ಬರೋರು ಯಾರು? ಅತ್ತೆ, ನೋಡಿ, ಮದುವೆಲಿ ಸಿಕ್ಕಿದ್ರು ಅಂದಿದ್ನಲ್ಲ, ನನ್ನ ನೋಡ್ಬೇಕು ಅಂತಲೇ ಸಾಗರದಿಂದ ಬಂದಿದಾರೆ."

ಈಗ ಹೇಳಿ, ಇಂಥವರ ಹತ್ತಿರ "ಪ್ಲಗ್ ಎಲ್ಲಿದೆ" ಎಂದು ಕೇಳುವುದು ಹೇಗೆ? ಮೊದಲು ಆಸರಿಗೆಯ ಉಪಚಾರ ಮುಗಿಯಲಿ ಎಂದುಕೊಂಡೆ. ಬೆಲ್ಲ, ನೀರು, ಮಜ್ಜಿಗೆ ಬಂತು. ಆಮೇಲೆ ಕಾಫಿ ಬಂತು. ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಎದುರು ಗೋಡೆಯಲ್ಲಿ ಬಿಳಿ ಪ್ಲಗ್‌ಪಾಯಿಂಟ್ ಮೂರು ತೂತಿನ ಮುಖ ಮಾಡಿಕೊಂಡು ನನ್ನನ್ನೇ ನೋಡುತ್ತಿತ್ತು. ಶಾರದಕ್ಕ ಮಗಳ ಬಾಣಂತನದ ಕತೆ ಹೇಳುತ್ತಿದ್ದರು. ಕತೆಯ ನಡುವೆ ಕೇಳುವುದು ಸಭ್ಯತೆಯಲ್ಲ. ಕತೆ ಮುಗಿದ ಕೂಡಲೇ ಕೇಳಿದರೆ ಕತೆ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದ ಹಾಗಾಗುತ್ತದೆ. ಹನ್ನೆರಡರ ಬಸ್ಸು ನನ್ನ ಕಣ್ಣೆದುರೇ ಹಾರ್ನ್ ಹೊಡೆದು ರಿಪ್ಪನ್‌ಪೇಟೆಗೆ ಹೋಯಿತು. ಊಟಕ್ಕೆ ಎಲೆ ಹಾಕಿದರು. ಹೀರೆಕಾಯಿ ಪಲ್ಯ ಬಡಿಸಿದರು. ಉಂಡೆ. ಹೊಗಳಿದೆ. ಹೊಗಳಿದ್ದಕ್ಕೆ ಇನ್ನೊಂದು ಸಲ ಬಡಿಸಿದರು.

ಕೈ ತೊಳೆದು ಬಂದು, ಗಂಟಲು ಸರಿ ಮಾಡಿಕೊಂಡು, "ಶಾರದಕ್ಕ, ಗಾಡಿ ಸ್ವಲ್ಪ ಚಾರ್ಜಿಗೆ ಹಾಕಬಹುದಾ?" ಎಂದೆ.

ಫ್ಯಾನು ನಿಂತಿತು.

"ಅಯ್ಯೋ, ಬೆಳಿಗ್ಗೆಯಿಂದ ಕರೆಂಟ್ ಇತ್ತಲ್ಲ! ಆಗಲೇ ಹೇಳೋದಲ್ವಾ?" ಎಂದರು ಶಾರದಕ್ಕ.

ಅವರ ಅತ್ತೆ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಈಗ ಬೀಸಣಿಗೆ ತೆಗೆದು ನನಗೆ ಗಾಳಿ ಬೀಸುತ್ತಾ ಹೇಳಿದರು: "ನಾವು ಲಿಂಗನಮಕ್ಕಿ ಮುಳುಗಡೆಯಿಂದ ಎದ್ದು ಬಂದವ್ರು ಮಗಾ. ನಮ್ಮ ಗದ್ದೆ ಇದ್ದ ಜಾಗದ ನೀರಲ್ಲೇ ಈ ಕರೆಂಟು ಹುಟ್ಟೋದು. ಎಲ್ಲೆಲ್ಲೋ ಹೋಗಿ ದೀಪ ಹಚ್ಚುತ್ತೆ. ತವರಿಗೆ ಬರಕ್ಕೆ ಮಾತ್ರ ಪುರುಸೊತ್ತಿಲ್ಲ ಅದಕ್ಕೆ."

ಬೆಳಿಗ್ಗೆ ಗೋಡೆಯ ಬಳಿ ಹತ್ತು ನಿಮಿಷ ಮಾತಾಡಿದ್ದೆನಲ್ಲ, ಅದರಲ್ಲಿ ಇದು ಎಲ್ಲೂ ಬಂದಿರಲಿಲ್ಲ. ನಾನು ಬೀಸಣಿಗೆಯನ್ನು ಅವರ ಕೈಯಿಂದ ತೆಗೆದುಕೊಂಡು ಅವರಿಗೇ ಬೀಸಿದೆ.

ಎರಡು ಗಂಟೆಗೆ ಫ್ಯಾನು ತಿರುಗಿತು. ಮೂವರೂ ಎದ್ದು ನಿಂತೆವು. ಶಾರದಕ್ಕ ಪ್ಲಗ್ಗಿನ ಎದುರಿದ್ದ ಕುರ್ಚಿ ಸರಿಸಿದರು. ಅತ್ತೆ ಬೋರ್ಡಿನ ಧೂಳನ್ನು ಸೆರಗಿನಿಂದ ಒರೆಸಿದರು. ನಾನು ಹೊರಗೆ ಹೋಗಿ ಗಾಡಿಯ ಸೀಟು ಎತ್ತಿದೆ. ಕೊಡೆ ಇತ್ತು. ನೀರಿನ ಬಾಟಲಿ ಇತ್ತು. ಸ್ಮಿತಾಳಿಗೆಂದು ತಂದ ಮಲ್ಲಿಗೆ ದಂಡೆ ಇತ್ತು.

ಚಾರ್ಜರ್ ಇರಲಿಲ್ಲ.

ನೀರಿನ ಬಾಟಲಿಯ ಮುಚ್ಚಳವನ್ನೂ ತೆಗೆದು ನೋಡಿದೆ. ಮನುಷ್ಯರು ಇಂಥ ಹೊತ್ತಿನಲ್ಲಿ ಹಾಗೆ ಮಾಡುತ್ತಾರೆ.

"ಪ್ಲಗ್ಗಿಗೆ ಬಂದದ್ದಾ ನೀವು?" ಎಂದು ಕೇಳಿದರು ಶಾರದಕ್ಕ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ. ನಾನು ತಲೆ ತಗ್ಗಿಸಿದೆ. ಅವರು ನನ್ನ ಭುಜ ತಟ್ಟಿ, "ಇರ್ಲಿ ಬಿಡಿ. ಪ್ಲಗ್ಗಿಗಾದ್ರೂ ಬಂದ್ರಲ್ಲ" ಎಂದು ಕುಂಕುಮ ಕೊಟ್ಟರು. ತಾವೇ ರಸ್ತೆಗೆ ಇಳಿದು ಬಾಳೆಗೊನೆ ತುಂಬಿದ ಒಂದು ಗೂಡ್ಸ್ ಗಾಡಿಯನ್ನು ಕೈ ಮಾಡಿ ನಿಲ್ಲಿಸಿದರು.

ಡ್ರೈವರ್ ಗೊನೆಗಳ ನಡುವೆ ನನ್ನ ಸ್ಕೂಟರನ್ನು ಹಗ್ಗ ಹಾಕಿ ಕಟ್ಟಿದ. ಡೀಸೆಲ್ ಹೊಗೆ ಬಿಡುತ್ತಾ ಹೊರಟೆವು.

"ಒಳ್ಳೇ ಗಾಡಿ ಅಕ್ಕ. ಮೈಲೇಜ್ ಹೇಗೆ?"

"ಈಗ ಚೆನ್ನಾಗಿ ಕೊಡ್ತಾ ಇದೆ" ಎಂದೆ.

ದಾರಿಯಲ್ಲಿ ಆತ ಮೂರು ಕಡೆ ಗೊನೆ ಇಳಿಸಿದ. ಚಿಕ್ಕಮ್ಮನ ಮನೆ ಮುಟ್ಟಿದಾಗ ನಾಲ್ಕೂಕಾಲು. ಗಂಡಿನ ಕಡೆಯವರು ಬಂದು ಹೋಗಿಯಾಗಿತ್ತು. ಚಿಕ್ಕಮ್ಮ ಜಗಲಿಯಲ್ಲಿ ಗಂಭೀರವಾಗಿ ಕೂತಿದ್ದರು. ನಾನು ಮಿಷಿನ್ನಿನ ಪೆಟ್ಟಿಗೆ ಹಿಡಿದು ಅಪರಾಧಿಯಂತೆ ನಿಂತೆ. ಅದರೊಳಗೆ ಬಟಾಣಿ ಗಾತ್ರದ ಒಂದು ಬ್ಯಾಟರಿ ಇತ್ತು. ಇಡೀ ಪ್ರಯಾಣದಲ್ಲಿ ಫುಲ್ ಚಾರ್ಜ್ ಇದ್ದದ್ದು ಅದೊಂದೇ.

"ಒಂದಕ್ಷರ ಕೇಳಿಸ್ಲಿಲ್ಲ" ಎಂದರು ಚಿಕ್ಕಮ್ಮ. ನಾನು ಪೆಟ್ಟಿಗೆಯನ್ನು ಮುಂದೆ ಚಾಚಿದೆ. "ಅದಕ್ಕೇ ಬರೀ ನೋಡ್ತಾ ಕೂತೆ. ಸ್ಮಿತಾ ಮಾತಾಡೋವಾಗ ಆ ಹುಡುಗ ಕಾಫಿ ಲೋಟ ಕೆಳಗಿಟ್ಟ. ಒಂದ್ಸಲಾನೂ ಮೊಬೈಲ್ ನೋಡ್ಲಿಲ್ಲ. ಅವಳಿಗೂ ಇಷ್ಟ ಆಗಿದೆ ಅಂತ ಮುಖ ನೋಡಿದ್ರೇ ಗೊತ್ತಾಯ್ತು. ಹೂಂ ಅಂದೆ."

ಒಳಗೆ ಸ್ಮಿತಾ ನಗುತ್ತಿದ್ದಳು. ಬಾಡಿದ ಮಲ್ಲಿಗೆಯನ್ನೇ ಮುಡಿದುಕೊಂಡಳು. ನಾನು ಬಾರದಿದ್ದುದರಿಂದಲೇ ಸಂಬಂಧ ಕೂಡಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಳ್ಳೆಯ ಮನೆತನ.

ಆಮೇಲೆ ಚಿಕ್ಕಮ್ಮ ಮಿಷಿನ್ ಕಿವಿಗೆ ಹಾಕಿಕೊಂಡು, "ಈಗ ಹೇಳು, ಯಾಕೆ ತಡ?" ಎಂದರು. ನಾನು ಆದಷ್ಟು ಮೆಲ್ಲಗೆ ಹೇಳಿದೆ. ರಿಪೇರಿ ಬಹಳ ಚೆನ್ನಾಗಿ ಆಗಿತ್ತು. ಎಲ್ಲವೂ ಕೇಳಿಸಿತು.

ಅದೇ ಗೂಡ್ಸ್ ಗಾಡಿ ಸಂಜೆ ಸಾಗರಕ್ಕೆ ಮರಳುವಾಗ ನನ್ನನ್ನೂ ಸ್ಕೂಟರನ್ನೂ ಮನೆಯೆದುರು ಇಳಿಸಿತು. ಇವರು ಹೊರಗೆ ಬಂದರು. ಗಾಡಿ ನೋಡಿದರು, ನನ್ನನ್ನು ನೋಡಿದರು, ಸ್ಕೂಟರನ್ನು ಒಳಗೆ ತಳ್ಳಿಕೊಂಡು ಹೋದರು. ಕಿಟಕಿ ಕಟ್ಟೆಯ ಮೇಲೆ ಇನ್ನೊಂದು ಕಾಫಿ ಲೋಟವಿತ್ತು. ಅದನ್ನು ತುಟಿ ಎರಡು ಮಾಡದೆ ಎತ್ತಿಟ್ಟೆ.

ಕಾಂಪೌಂಡಿನಾಚೆ ಗಣಪತಣ್ಣ ಪೈಪು ಸುತ್ತುತ್ತಿದ್ದರು. ನನ್ನನ್ನು ಕಂಡು ಒಳಗೆ ಹೋಗಿ, ಒಂದು ಬಟ್ಟೆಚೀಲ ತಂದು ಗೋಡೆಯ ಮೇಲಿಟ್ಟರು.

"ಇದು ನಿಂದೇ ಅಲ್ದಾ ತಂಗಿ? ಬೆಳಿಗ್ಗೆ ನೀ ಗೇಟು ದಾಟೋವಾಗ್ಲೇ ಗೋಡೆ ಮೇಲೆ ಕಂಡಿತ್ತು. ಹೊರಟವ್ರನ್ನ ಹಿಂದಿಂದ ಕರೀಬಾರ್ದಲ್ಲ ಅಂತ ಸುಮ್ನಾದೆ. ಬಿಸಿಲಿಗೆ ಹಾಳಾಗ್ತದೆ ಅಂತ ನೆರಳಲ್ಲಿ ಇಟ್ಟಿದ್ದೆ, ನೋಡ್ಕೊ."